ವಿದೇಶಾಂಗ ಸಚಿವರಿಗೆ ಸಂಸತ್ತಿನಲ್ಲಿ ಪ್ರಶ್ನೆ: ಮುಂಬೈ, ಪುಣೆ, ಗೋವಾದಿಂದ ಕೇಳಿಸುವುದು ಹೇಗೆ, ಉತ್ತರ ಓದುವುದು ಹೇಗೆ

ಡೊಂಬಿವಲಿಯ ಮನೆಯ ಹುಡುಗ ಹಡಗು ಹತ್ತಿರುತ್ತಾನೆ. ಪುಣೆಯವನೊಬ್ಬ ಕುವೈತಿನಲ್ಲಿ ವೆಲ್ಡರ್, ವಾಸ್ಕೊದ ಹೆಣ್ಣುಮಗಳೊಬ್ಬಳು ಮಸ್ಕತ್‌ನಲ್ಲಿ ಮನೆಗೆಲಸಕ್ಕೆ. ಅಲ್ಲಿ ಏನಾದರೂ ಹೆಚ್ಚುಕಡಿಮೆಯಾದಾಗ ನಮ್ಮ ಕನ್ನಡ ಸಂಘಗಳ ಸಭೆಯಲ್ಲಿ ಕೇಳಿಬರುವ ಮೊದಲ ಮಾತು, "ಎಂ.ಪಿ.ಗೆ ಹೇಳಿ ಪಾರ್ಲಿಮೆಂಟಿನಲ್ಲಿ ಕೇಳಿಸೋಣ." ಖಂಡಿತ ಕೇಳಿಸಬಹುದು. ಆದರೆ ವಿದೇಶಾಂಗ ಸಚಿವಾಲಯ ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತದೆ, ಅದಕ್ಕಿಂತ ಒಂದು ಪದವನ್ನೂ ಹೆಚ್ಚು ಹೇಳುವುದಿಲ್ಲ. ಹಾಗಾಗಿ ಪ್ರಶ್ನೆಯ ಪದಗಳ ಮೇಲೆ ಒಂದು ಸಂಜೆ ಕೂತು ಕೆಲಸ ಮಾಡಿದರೆ ಸಿಗುವ ಉತ್ತರವೇ ಬೇರೆ.

ಮೊದಲು ಒಂದು ಎಚ್ಚರಿಕೆ

ಒಬ್ಬ ವ್ಯಕ್ತಿಯನ್ನು ಈ ವಾರ ಬಿಡಿಸಬೇಕಾಗಿದ್ದರೆ ಸಂಸತ್ ಪ್ರಶ್ನೆ ಅದಕ್ಕೆ ತಕ್ಕ ದಾರಿಯಲ್ಲ. ಪ್ರಶ್ನೆ ಸಲ್ಲಿಸಿ ಉತ್ತರ ಬರುವಷ್ಟರಲ್ಲಿ ಮೂರು-ನಾಲ್ಕು ವಾರ ಕಳೆದಿರುತ್ತದೆ. ಹೆಸರು ಹಿಡಿದು ಸದನದಲ್ಲಿ ಕೇಳಿದರೆ ತೆರೆಮರೆಯಲ್ಲಿ ನಡೆಯುತ್ತಿರುವ ಮಾತುಕತೆ ಕೆಡುವುದೂ ಉಂಟು. ಅಂಥ ಪ್ರಕರಣವನ್ನು ಸಚಿವಾಲಯ 2015ರಲ್ಲಿ ಆರಂಭಿಸಿದ ಮದದ್ ಪೋರ್ಟಲ್‌ನಲ್ಲಿ ಅಂದೇ ದಾಖಲಿಸಿ, ಸಿಗುವ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಸಂಖ್ಯೆ, ಉದ್ಯೋಗದಾತರ ಹೆಸರು, ಕೊನೆಯ ಬಾರಿ ಫೋನು ಬಂದ ದಿನಾಂಕ ಬೇಕೇ ಬೇಕು. ನಾವಿಕರಾದರೆ ಸಿ.ಡಿ.ಸಿ. (ನಾವಿಕರ ಗುರುತಿನ ಪುಸ್ತಕ) ಸಂಖ್ಯೆ, ಹಡಗಿನ ಐ.ಎಂ.ಒ. ಸಂಖ್ಯೆ (ಪ್ರತಿ ಹಡಗಿಗೂ ಇರುವ ಜಾಗತಿಕ ಗುರುತಿನ ಸಂಖ್ಯೆ) ಮತ್ತು ಕೆಲಸಕ್ಕೆ ಕಳಿಸಿದ ಏಜೆಂಟರ ಪರವಾನಗಿ ಸಂಖ್ಯೆಯನ್ನೂ ಸೇರಿಸಿ. ಹಡಗಿನ ಹೆಸರು ಬದಲಾಗಬಹುದು, ಐ.ಎಂ.ಒ. ಸಂಖ್ಯೆ ಬದಲಾಗುವುದಿಲ್ಲ. ಮುಂಬೈನಲ್ಲಿರುವವರು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ವಿದೇಶ ಭವನಕ್ಕೂ ಹೋಗಿ ವಿಚಾರಿಸಬಹುದು. ಪಾಸ್‌ಪೋರ್ಟ್ ಕಚೇರಿ ಮತ್ತು ಕೆಲಸಕ್ಕೆ ವಿದೇಶಕ್ಕೆ ಹೋಗುವವರ ಅನುಮತಿ ನೋಡಿಕೊಳ್ಳುವ ವಲಸೆ ಸಂರಕ್ಷಕರ ಕಚೇರಿಗಳನ್ನು 2017ರಲ್ಲಿ ಆ ಒಂದೇ ಸೂರಿನಡಿ ತರಲಾಯಿತು.

ಸಂಸತ್ ಪ್ರಶ್ನೆ ನೆರವಿಗೆ ಬರುವುದು ಇಂಥದೇ ತೊಂದರೆ ಹತ್ತಾರು ಮನೆಗಳಿಗೆ ಆಗಿರುವಾಗ. ಲೆಕ್ಕ ಎಷ್ಟು, ಯಾವ ದೇಶದಲ್ಲಿ, ಹಣ ಎಲ್ಲಿ ಹೋಯಿತು, ಒಪ್ಪಂದ ಇದೆಯೋ ಇಲ್ಲವೋ ಎಂಬುದನ್ನು ಸರ್ಕಾರ ಸದನದ ದಾಖಲೆಯಲ್ಲಿ ಹೇಳಬೇಕಾಗುತ್ತದೆ.

ಯಾವ ಸಂಸದರು

ಪ್ರಶ್ನೆಗೆ ಕ್ಷೇತ್ರದ ಗಡಿ ಇಲ್ಲ. ಯಾವ ಸಂಸದರೂ ಯಾವ ಊರಿನ ವಿಷಯವನ್ನೂ ಕೇಳಬಹುದು. ಇದು ಹೊರನಾಡಿನ ಕನ್ನಡಿಗರಿಗೆ ದೊಡ್ಡ ಅನುಕೂಲ, ಏಕೆಂದರೆ ಮತ ಹಾಕುವ ಊರಿನ ಸಂಸದರೂ ಇದ್ದಾರೆ, ಉಡುಪಿಯದೋ ಕಾರವಾರದದೋ ತವರೂರಿನ ಸಂಸದರೂ ಇದ್ದಾರೆ.

ಆದರೆ ಮಂತ್ರಿಯಾಗಿರುವ ಸಂಸದರು ಪ್ರಶ್ನೆ ಕೇಳುವಂತಿಲ್ಲ. 2024ರ ಚುನಾವಣೆಯ ನಂತರ ರಚನೆಯಾದ ಕೇಂದ್ರ ಮಂತ್ರಿಮಂಡಲದಲ್ಲಿ ಉತ್ತರ ಮುಂಬೈನ ಪಿಯೂಷ್ ಗೋಯಲ್, ಪುಣೆಯ ಮುರಳೀಧರ ಮೊಹೋಳ್, ಉತ್ತರ ಗೋವಾದ ಶ್ರೀಪಾದ ನಾಯಕ್ ಮೂವರೂ ಸ್ಥಾನ ಪಡೆದರು. ಬೊರಿವಲಿ, ಕೋಥರೂಡ್ ಅಥವಾ ಪಣಜಿಯಲ್ಲಿರುವ ಕನ್ನಡಿಗರು ತಮ್ಮ ಸಂಸದರ ಕಚೇರಿಗೆ ಎಷ್ಟು ಸಲ ಅಲೆದರೂ ಪ್ರಶ್ನೆ ಹೊರಡದಿರುವುದಕ್ಕೆ ಇದೇ ಕಾರಣ. ಮಂತ್ರಿ ಪತ್ರ ಬರೆಯಬಹುದು, ನೋಟಿಸು (ಪ್ರಶ್ನೆ ಕೇಳಲು ಸದನಕ್ಕೆ ಮೊದಲೇ ಕೊಡುವ ಲಿಖಿತ ಸೂಚನೆ) ಕೊಡಲಾರರು. ಇಂಥವರು ಪಕ್ಕದ ಕ್ಷೇತ್ರದವರನ್ನೋ ರಾಜ್ಯಸಭೆಯವರನ್ನೋ ಹಿಡಿಯಬೇಕು. ರಾಜ್ಯಸಭೆಯಲ್ಲಿ ಮಹಾರಾಷ್ಟ್ರಕ್ಕೆ 19 ಸ್ಥಾನ, ಗೋವಾಕ್ಕೆ 1.

ಒಂದೇ ಪ್ರಶ್ನೆಯನ್ನು ಇಬ್ಬರು-ಮೂವರು ಸಂಸದರಿಂದ ಕೊಡಿಸುವುದು ಒಳ್ಳೆಯದು. ಯಾವ ನೋಟಿಸು ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ, ಹೆಚ್ಚು ನೋಟಿಸು ಇದ್ದಷ್ಟು ಅವಕಾಶ ಹೆಚ್ಚು. ಒಂದೇ ವಿಷಯದವು ಒಟ್ಟಾಗಿ ಬಂದರೆ ಹೆಸರುಗಳನ್ನು ಜೋಡಿಸಿ ಒಂದೇ ಪ್ರಶ್ನೆ ಮಾಡುತ್ತಾರೆ.

ದಿನದ ಲೆಕ್ಕ

ಸಚಿವಾಲಯಗಳಿಗೆ ವಾರದಲ್ಲಿ ಒಂದೊಂದು ದಿನ ಗೊತ್ತುಮಾಡಲಾಗಿದೆ. ಇತ್ತೀಚಿನ ಅಧಿವೇಶನಗಳಲ್ಲಿ ವಿದೇಶಾಂಗದ ಸರದಿ ರಾಜ್ಯಸಭೆಯಲ್ಲಿ ಗುರುವಾರ, ಲೋಕಸಭೆಯಲ್ಲಿ ಶುಕ್ರವಾರ. ಪ್ರತಿ ಅಧಿವೇಶನಕ್ಕೆ ಮೊದಲು ಹೊರಡುವ ಸದನದ ಬುಲೆಟಿನ್ ಭಾಗ-2ರ ಪಟ್ಟಿಯಲ್ಲಿ ದಿನಗಳೂ ನೋಟಿಸಿನ ಕೊನೆಯ ತಾರೀಖುಗಳೂ ಇರುತ್ತವೆ. ಅದನ್ನು ನೋಡದೆ ಮುಂದುವರಿಯಬೇಡಿ.

ನೋಟಿಸಿಗೆ 15 ಪೂರ್ಣ ದಿನ ಬೇಕು. ಕೊಟ್ಟ ದಿನವೂ ಉತ್ತರದ ದಿನವೂ ಲೆಕ್ಕಕ್ಕಿಲ್ಲ. ಉತ್ತರ 25ನೇ ತಾರೀಖಿಗೆ ಬೇಕೆಂದರೆ ನಡುವೆ 10ರಿಂದ 24ರವರೆಗೆ 15 ದಿನ ಆಗಬೇಕು, ಅಂದರೆ ನೋಟಿಸು 9ರ ಒಳಗೆ ತಲುಪಿರಬೇಕು. ಸಂಸದರ ಪಿ.ಎ. ನೋಡಿ, ತಿದ್ದಿ, ಸಂಸದರಿಗೆ ತೋರಿಸಿ ಹಾಕಲು ಒಂದು ವಾರವಾದರೂ ಹಿಡಿಯುತ್ತದೆ. ಆದ್ದರಿಂದ ನಿಮ್ಮ ಕಾಗದ ಒಂದು ತಿಂಗಳ ಮೊದಲೇ ಅವರ ಕೈಯಲ್ಲಿರಲಿ. ಅಧಿವೇಶನ ಶುರುವಾದ ಮೇಲೆ ಓಡುವವರಿಗೆ ಸಾಮಾನ್ಯವಾಗಿ ಮೊದಲ ಎರಡು ಸರದಿ ತಪ್ಪಿಹೋಗುತ್ತದೆ.

ಚುಕ್ಕೆ ಇರುವುದೋ ಇಲ್ಲದ್ದೋ

ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದುನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆರಹಿತ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆಯವು, 230 ಚುಕ್ಕೆರಹಿತ. ರಾಜ್ಯಸಭೆಯಲ್ಲಿ 15 ಮತ್ತು 160. ಇಷ್ಟರಲ್ಲಿ ಆ ದಿನದ ಸರದಿಯ ಎಲ್ಲ ಸಚಿವಾಲಯಗಳೂ ಸೇರಿವೆ. ಪ್ರಶ್ನೋತ್ತರ ವೇಳೆ ಒಂದೇ ಗಂಟೆ, ಲೋಕಸಭೆಯಲ್ಲಿ ಬೆಳಿಗ್ಗೆ 11ಕ್ಕೆ, ರಾಜ್ಯಸಭೆಯಲ್ಲಿ ಮಧ್ಯಾಹ್ನ 12ಕ್ಕೆ. ಪಟ್ಟಿಯ ಕೆಳಗಿದ್ದ ಚುಕ್ಕೆ ಪ್ರಶ್ನೆಯವರೆಗೆ ಸದನ ತಲುಪುವುದೇ ಇಲ್ಲ, ಅದರ ಉತ್ತರವನ್ನೂ ಲಿಖಿತವಾಗಿ ಮಂಡಿಸಿಬಿಡುತ್ತಾರೆ.

ಅಂಕಿಅಂಶ ಬೇಕಾದರೆ ಚುಕ್ಕೆರಹಿತವನ್ನೇ ಆರಿಸಿ. ಅದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ನೀತಿ ಏನು, ಮಂತ್ರಿಯ ನಿಲುವೇನು ಎಂದು ಬಾಯಿಂದಲೇ ಕೇಳಿಸಬೇಕಾಗಿದ್ದರೆ ಚುಕ್ಕೆಗೆ ಹೋಗಿ. ಅನುಭವಿ ಸಂಸದರು ಒಂದು ಅಧಿವೇಶನದಲ್ಲಿ ಚುಕ್ಕೆರಹಿತ ಪ್ರಶ್ನೆಯಿಂದ ಲೆಕ್ಕ ತೆಗೆಸಿ, ಮುಂದಿನದರಲ್ಲಿ ಅದೇ ಲೆಕ್ಕ ಹಿಡಿದು ಚುಕ್ಕೆ ಪ್ರಶ್ನೆ ಹಾಕುತ್ತಾರೆ.

ಬರೆಯುವ ಕೆಲಸ

ಸಂಘದಿಂದ ಹೋಗುವ ಪ್ರಶ್ನೆ ಹೆಚ್ಚಾಗಿ ಹೀಗಿರುತ್ತದೆ: "ವಿದೇಶದಲ್ಲಿ ಸಿಕ್ಕಿಬಿದ್ದ ನಮ್ಮ ನಾವಿಕರ ಬಗ್ಗೆ ಸರ್ಕಾರ ನಿರ್ಲಕ್ಷ್ಯ ತೋರುತ್ತಿರುವುದೇಕೆ? ಅವರ ಬಂಧನದ ಬಗ್ಗೆ ಏನು ಕ್ರಮ ಕೈಗೊಂಡಿದೆ? ಪರಿಹಾರ ಯಾವಾಗ?"

ನೋವು ನಿಜ, ಆದರೆ ಈ ಪ್ರಶ್ನೆ ನಾಲ್ಕು ಕಡೆ ಮುರಿಯುತ್ತದೆ. "ನಿರ್ಲಕ್ಷ್ಯ" ಎಂಬುದು ಆರೋಪ. ಲೋಕಸಭೆಯ 41ನೇ ನಿಯಮದಂತೆ ಪ್ರಶ್ನೆಯಲ್ಲಿ ವಾದ, ಆರೋಪ, ವ್ಯಂಗ್ಯ, ಅಭಿಪ್ರಾಯದ ಕೋರಿಕೆ ಇರಬಾರದು. "ಏನು ಕ್ರಮ" ಎಂದು ಕೇಳಿದರೆ, ವಿದೇಶದಲ್ಲಿರುವ ಭಾರತೀಯರ ಸುರಕ್ಷತೆಗೆ ಸರ್ಕಾರ ಅತ್ಯಂತ ಹೆಚ್ಚಿನ ಆದ್ಯತೆ ಕೊಡುತ್ತದೆ ಎಂಬ ಸಿದ್ಧ ಪ್ಯಾರಾ ಬರುತ್ತದೆ. ಅದು ಸುಳ್ಳಲ್ಲ, ಆದರೆ ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಉಳಿದ ಎರಡು ಕಡೆ ಎಡವುವುದು ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ. ನೋಟಿಸು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಹೋಗಬೇಕು. ನಮ್ಮ "ಪರಿಹಾರ" ಎಂಬ ಒಂದೇ ಪದದಲ್ಲಿ ಸಮಸ್ಯೆ ಬಗೆಹರಿಸುವುದೂ ಇದೆ, ಹಣ ಕೊಡುವುದೂ ಇದೆ, ತುರ್ತು ನೆರವೂ ಇದೆ. ಅನುವಾದ ಮಾಡುವವರು ಮೂರರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ, ಅದು ನಿಮ್ಮ ಮನಸ್ಸಿನಲ್ಲಿದ್ದದ್ದೇ ಆಗಿರಬೇಕೆಂದಿಲ್ಲ. "ಬಂಧನ"ದ ಕಥೆಯೂ ಅಷ್ಟೆ. ಬಂದರಿನಲ್ಲಿ ಹಡಗನ್ನು ತಡೆಹಿಡಿದದ್ದು ಬೇರೆ, ಸಿಬ್ಬಂದಿಯನ್ನು ಪೊಲೀಸರು ಹಿಡಿದದ್ದು ಬೇರೆ, ಶಿಕ್ಷೆಯಾಗಿ ಜೈಲಿನಲ್ಲಿರುವುದು ಬೇರೆ. ಹಡಗಿನೊಂದಿಗೆ ಸಿಕ್ಕಿಕೊಂಡವರ ಬಗ್ಗೆ ಕೇಳಿ ಜೈಲಿನಲ್ಲಿರುವವರ ಲೆಕ್ಕ ಪಡೆದುಕೊಂಡರೆ ಆ ಅಧಿವೇಶನ ವ್ಯರ್ಥ. ಕನ್ನಡದಲ್ಲೇ ಮೊದಲು ಬಿಡಿಸಿ ಬರೆಯಿರಿ: "ಹಣದ ರೂಪದ ಪರಿಹಾರ", "ಹಡಗಿನಿಂದ ಇಳಿಯಲು ಬಿಡದಿರುವುದು".

ಅದೇ ಕಳಕಳಿಯನ್ನು ಹೀಗೆ ಕಟ್ಟಬಹುದು:

(ಎ) ಕಳೆದ ಮೂರು ವರ್ಷಗಳಲ್ಲಿ ವಿದೇಶಿ ಅಧಿಕಾರಿಗಳ ವಶದಲ್ಲಿದ್ದ ಭಾರತೀಯ ನಾವಿಕರ ಸಂಖ್ಯೆ, ದೇಶವಾರು ಮತ್ತು ವರ್ಷವಾರು;
(ಬಿ) ಇವರಲ್ಲಿ ಭಾರತೀಯ ರಾಯಭಾರ ಅಧಿಕಾರಿಗಳ ಭೇಟಿ ದೊರೆತವರ ಮತ್ತು ದೊರೆಯದವರ ಸಂಖ್ಯೆ, ದೇಶವಾರು;
(ಸಿ) ಬಿಡುಗಡೆಯಾಗಿ ಮರಳಿದವರ ಮತ್ತು ಈಗಲೂ ವಶದಲ್ಲಿರುವವರ ಸಂಖ್ಯೆ;
(ಡಿ) ಈ ಪ್ರಕರಣಗಳಲ್ಲಿ ವಕೀಲರ ನೆರವಿಗೂ ವಾಪಸು ಕರೆತರುವುದಕ್ಕೂ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಖರ್ಚಾದ ಮೊತ್ತ, ವರ್ಷವಾರು.

ಇಲ್ಲಿ ಪ್ರತಿ ಭಾಗವೂ ಒಂದು ಸಂಖ್ಯೆಯನ್ನು ಕೇಳುತ್ತದೆ. ಯಾವುದಕ್ಕೆ ಉತ್ತರ ಬಂದಿಲ್ಲ ಎಂಬುದು ನೋಡಿದ ಕೂಡಲೇ ಕಾಣುತ್ತದೆ. ಇನ್ನೊಂದು ಮುಖ್ಯ ವಿಷಯ: "ಹೌದೇ? ಹೌದಾದರೆ ವಿವರಗಳೇನು?" ಎಂಬ ಹಳೆಯ ಅಚ್ಚಿನಲ್ಲಿ ಇದನ್ನು ಕಟ್ಟಿಲ್ಲ. ಆ ಅಚ್ಚಿನಲ್ಲಿ (ಎ)ಗೆ "ಇಲ್ಲ" ಎಂದುಬಿಟ್ಟರೆ (ಬಿ)ಯಿಂದ (ಡಿ)ವರೆಗೆ "ಉದ್ಭವಿಸುವುದಿಲ್ಲ" ಎಂಬ ಒಂದೇ ಪದದಲ್ಲಿ ಮುಗಿಯುತ್ತದೆ. ನಾಲ್ಕೂ ಭಾಗವನ್ನು ಒಂದೇ ಮೊಳೆಗೆ ನೇತುಹಾಕಬೇಡಿ.

ಉದ್ದ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಹತ್ತು ವರ್ಷದ, ಎಲ್ಲ ದೇಶಗಳ, ಜಿಲ್ಲಾವಾರು ಲೆಕ್ಕ ಕೇಳಿದರೆ ಸಂಗ್ರಹಿಸಲು ಸಾಧ್ಯವಿಲ್ಲವೆಂದು ತಳ್ಳಲು ದಾರಿ ಮಾಡಿಕೊಟ್ಟಂತೆ. ಮೂರು ವರ್ಷ ಸಾಕು. ನ್ಯಾಯಾಲಯದಲ್ಲಿರುವ ವಿಷಯ ಬೇಡ, ಸ್ನೇಹಿ ದೇಶದ ಬಗ್ಗೆ ಒರಟು ಮಾತು ಬೇಡ. ಈಗಾಗಲೇ ಪ್ರಕಟವಾಗಿರುವುದನ್ನೂ ಕೇಳುವಂತಿಲ್ಲ. ಭಾರತ-ಪಾಕಿಸ್ತಾನ 2008ರ ಒಪ್ಪಂದದಂತೆ ಪ್ರತಿವರ್ಷ ಜನವರಿ 1 ಮತ್ತು ಜುಲೈ 1ರಂದು ತಮ್ಮ ವಶದಲ್ಲಿರುವ ಕೈದಿಗಳು, ಮೀನುಗಾರರ ಪಟ್ಟಿ ವಿನಿಮಯ ಮಾಡಿಕೊಳ್ಳುತ್ತವೆ, ಸಂಖ್ಯೆ ಪತ್ರಿಕಾ ಪ್ರಕಟಣೆಯಲ್ಲೇ ಇರುತ್ತದೆ. ಪಾಲ್ಘರ್ ಕಡೆಯ ಮೀನುಗಾರರ ಬಗ್ಗೆ ಕೇಳುವುದಾದರೆ, ಪಟ್ಟಿಯಲ್ಲಿರುವವರ ಪೈಕಿ ಶಿಕ್ಷೆ ಮುಗಿದು, ರಾಷ್ಟ್ರೀಯತೆ ದೃಢಪಟ್ಟೂ ಬಿಡುಗಡೆಯಾಗದವರೆಷ್ಟು ಎಂದು ಕೇಳಿ.

ರಾಜ್ಯವಾರು ಲೆಕ್ಕ ಕೇಳುವಾಗ ನಮ್ಮವರು ಕರ್ನಾಟಕ ಒಂದನ್ನೇ ಬರೆಯುತ್ತಾರೆ. ಮುಂಬೈ ವಿಳಾಸದ ಪಾಸ್‌ಪೋರ್ಟ್ ಹಿಡಿದು ಹೋದ ಕುಂದಾಪುರದವನು ಆ ಲೆಕ್ಕದಲ್ಲಿ ಸಿಗುತ್ತಾನೆಂಬ ಖಾತ್ರಿ ಇಲ್ಲ. ಕರ್ನಾಟಕ, ಮಹಾರಾಷ್ಟ್ರ, ಗೋವಾ ಮೂರನ್ನೂ ಹೆಸರಿಸಿ.

ಸಚಿವಾಲಯ ತಪ್ಪಿದರೆ

ಅತಿ ಹೆಚ್ಚು ಪ್ರಶ್ನೆಗಳು ದಾರಿ ತಪ್ಪುವುದು ಇಲ್ಲೇ. ವಿದೇಶದ ಹೆಸರು ಬಂದ ಮಾತ್ರಕ್ಕೆ ಅದು ವಿದೇಶಾಂಗದ ವಿಷಯವಲ್ಲ. 2024ರ ಏಪ್ರಿಲ್ 13ರಂದು ಇರಾನ್ ವಶಪಡಿಸಿಕೊಂಡ ಎಂ.ಎಸ್.ಸಿ. ಏರೀಸ್ ಹಡಗಿನಲ್ಲಿ 17 ಭಾರತೀಯರಿದ್ದರು. ಅಂಥದರಲ್ಲಿ ಪರದೇಶದ ಸರ್ಕಾರದೊಂದಿಗೆ ಮಾತನಾಡುವುದು ವಿದೇಶಾಂಗದ ಕೆಲಸ. ಹಡಗಿನ ಮಾಲೀಕರು ಸಂಬಳ ಕೊಡದೆ ಸಿಬ್ಬಂದಿಯನ್ನು ಯಾವುದೋ ಬಂದರಿನಲ್ಲಿ ಕೈಬಿಟ್ಟು ಹೋಗಿದ್ದರೆ, ಅಥವಾ ಏಜೆಂಟರ ಪರವಾನಗಿಯ ಪ್ರಶ್ನೆಯಾಗಿದ್ದರೆ, ಅದು ಬಂದರು ಮತ್ತು ಹಡಗು ಸಚಿವಾಲಯದ್ದು, ಕಾಂಜೂರ್‌ಮಾರ್ಗದ ಡಿ.ಜಿ. ಶಿಪ್ಪಿಂಗ್ ಕಚೇರಿ ಅದರ ಕೆಳಗೇ ಬರುತ್ತದೆ. ಗೋವಾದಲ್ಲಿ ಪೋರ್ಚುಗೀಸ್ ಪೌರತ್ವ ಪಡೆದವರ ಭಾರತೀಯ ಪಾಸ್‌ಪೋರ್ಟ್ ವಿದೇಶಾಂಗಕ್ಕೆ ಸೇರಿದ್ದು, ಅವರ ಒ.ಸಿ.ಐ. (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಗೃಹ ಸಚಿವಾಲಯದ್ದು. ವಿದೇಶದಲ್ಲಿ ಶಿಕ್ಷೆಯಾದವರನ್ನು ಉಳಿದ ಅವಧಿ ಕಳೆಯಲು ಇಲ್ಲಿನ ಜೈಲಿಗೆ ತರುವ 2003ರ ಕಾಯ್ದೆಯ ಕೆಲಸವೂ ಗೃಹದ್ದೇ.

ಎರಡು ಸಚಿವಾಲಯಗಳ ವಿಷಯವನ್ನು ಒಂದೇ ಪ್ರಶ್ನೆಯಲ್ಲಿ ತುರುಕಿದರೆ ಪ್ರಶ್ನೆ ಇನ್ನೊಂದು ಸಚಿವಾಲಯದ ದಿನಕ್ಕೆ ವರ್ಗವಾಗಬಹುದು. ಆಗ ನಿಮಗೆ ಬೇಕಾದ ದಿನವೂ ಕೈತಪ್ಪುತ್ತದೆ. ಎರಡು ಬೇರೆ ಬೇರೆ ಪ್ರಶ್ನೆ ಮಾಡಿ.

ಸಂಸದರ ಪಿ.ಎ. ಕೈಗೆ ಕೊಡುವ ಕಾಗದ

ಒಂದೇ ಎ-4 ಹಾಳೆ. ಮೇಲೆ ಸದನ, ಸಚಿವಾಲಯ, ಉತ್ತರದ ತಾರೀಖು, ಚುಕ್ಕೆಯದೋ ಅಲ್ಲವೋ. ನಡುವೆ ಇಂಗ್ಲಿಷಿನಲ್ಲಿ ಪ್ರಶ್ನೆ. ಕೆಳಗೆ ಹಿನ್ನೆಲೆಯ ಐದಾರು ಸಾಲು, ನಿಮ್ಮ ಫೋನ್ ಸಂಖ್ಯೆ. ಮೂವತ್ತು ಸಹಿಯ ಮನವಿಪತ್ರ ಗೌರವದಿಂದ ಕಡತ ಸೇರುತ್ತದೆ, ನೋಟಿಸು ಆಗುವುದಿಲ್ಲ. ಯಥಾವತ್ತು ಹಾಕಬಹುದಾದ ಪ್ರಶ್ನೆಯನ್ನು ಕೊಟ್ಟರೆ ಪಿ.ಎ. ಸಂತೋಷದಿಂದ ಹಾಕುತ್ತಾರೆ. ಲೋಕಸಭೆಯಲ್ಲಿ ಒಬ್ಬ ಸದಸ್ಯರ ಹೆಸರಿನಲ್ಲಿ ದಿನಕ್ಕೆ ಐದಕ್ಕಿಂತ ಹೆಚ್ಚು ಪ್ರಶ್ನೆ ಅಂಗೀಕಾರವಾಗುವುದಿಲ್ಲ, ಅದರಲ್ಲಿ ಚುಕ್ಕೆಯದು ಒಂದೇ. ಆದ್ದರಿಂದ ಬೇಗ ಕೊಟ್ಟವರಿಗೆ ಜಾಗ.

ಚುಕ್ಕೆ ಪ್ರಶ್ನೆಯಾದರೆ ಎರಡು ಉಪಪ್ರಶ್ನೆಗಳನ್ನೂ ಬರೆದುಕೊಡಿ, ಕೇಳಿದ ಸದಸ್ಯರಿಗೆ ಲೋಕಸಭೆಯಲ್ಲಿ ಎರಡಕ್ಕೆ ಅವಕಾಶ. ಉಪಪ್ರಶ್ನೆ ಮೂಲ ಉತ್ತರದಿಂದ ಹುಟ್ಟಬೇಕು, ಹೊಸ ವಿಷಯ ತಂದರೆ ಸಭಾಧ್ಯಕ್ಷರು ತಡೆಯುತ್ತಾರೆ. ಮಂತ್ರಿ ಬರಿಗೈಯಲ್ಲಿ ಬಂದಿರುವುದಿಲ್ಲ. ಅಧಿಕಾರಿಗಳು ಬರಬಹುದಾದ ಉಪಪ್ರಶ್ನೆಗಳನ್ನೆಲ್ಲ ಊಹಿಸಿ ಟಿಪ್ಪಣಿ ಕಟ್ಟಿಕೊಟ್ಟಿರುತ್ತಾರೆ, ಗ್ಯಾಲರಿಯಲ್ಲಿ ಕೂತು ಚೀಟಿ ಕಳಿಸುವುದೂ ಇದೆ. ಆದ್ದರಿಂದ "ಇನ್ನೇನು ಮಾಡುತ್ತೀರಿ" ಎಂಬಂಥ ಅಗಲದ ಉಪಪ್ರಶ್ನೆಗೆ ಅಗಲದ ಉತ್ತರ ಸಿದ್ಧವಿರುತ್ತದೆ. ಮೂಲ ಉತ್ತರದ ಕೋಷ್ಟಕದಿಂದ ಒಂದು ದೇಶ ಎತ್ತಿಕೊಳ್ಳಿ: ಅಲ್ಲಿ ಇಷ್ಟು ಜನರಿಗೆ ಇನ್ನೂ ಭೇಟಿ ದೊರೆತಿಲ್ಲ ಎಂದು ನೀವೇ ಹೇಳಿದ್ದೀರಿ, 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯ ಆಧಾರದಲ್ಲಿ ಆ ಸರ್ಕಾರಕ್ಕೆ ಯಾವ ಮಟ್ಟದಲ್ಲಿ ಕೇಳಿದ್ದೀರಿ? ವಶದಲ್ಲಿರುವ ತಮ್ಮ ದೇಶದವರನ್ನು ರಾಯಭಾರ ಅಧಿಕಾರಿಗಳು ಭೇಟಿಯಾಗುವ ಹಕ್ಕು ಕೊಡುವ ಇದೇ 36ನೇ ವಿಧಿಯ ಉಲ್ಲಂಘನೆಯಾಗಿದೆ ಎಂದು, ಪಾಕಿಸ್ತಾನ ಬಂಧಿಸಿದ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು ಹೇಳಿತು. ಸಚಿವಾಲಯ ಈ ವಿಧಿಯನ್ನು ಹಗುರವಾಗಿ ಕಾಣುವುದಿಲ್ಲ. ಉಪಪ್ರಶ್ನೆಯನ್ನು ಕನ್ನಡದಲ್ಲೂ ಕೇಳಬಹುದು, ಸದನದಲ್ಲಿ ಅನುವಾದದ ವ್ಯವಸ್ಥೆ ಇದೆ.

ಹಾಗೆಯೇ, ವಿದೇಶಾಂಗ ಸಚಿವರು ರಾಜ್ಯಸಭೆಯವರು, ಲೋಕಸಭೆಯಲ್ಲಿ ಹೇಗೆ ಉತ್ತರಿಸುತ್ತಾರೆ ಎಂದು ಹಲವರು ಕೇಳುತ್ತಾರೆ. ಸಂವಿಧಾನದ 88ನೇ ವಿಧಿಯಂತೆ ಮಂತ್ರಿ ಎರಡೂ ಸದನಗಳಲ್ಲಿ ಮಾತನಾಡಬಹುದು, ಮತ ಮಾತ್ರ ತಮ್ಮ ಸದನದಲ್ಲಿ. ಗುಜರಾತಿನಿಂದ ರಾಜ್ಯಸಭೆಗೆ ಬಂದ ಎಸ್. ಜೈಶಂಕರ್ ಹೀಗೇ ಉತ್ತರಿಸುತ್ತಾರೆ. ಮುಂಬೈನ ರಾಜಭವನದಲ್ಲಿ ರಾಜ್ಯಪಾಲರಾಗಿದ್ದು 2009ರಿಂದ 2012ರವರೆಗೆ ವಿದೇಶಾಂಗ ಸಚಿವರಾದ ನಮ್ಮ ಎಸ್.ಎಂ. ಕೃಷ್ಣ ಅವರೂ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದವರೇ. ಲಿಖಿತ ಉತ್ತರಗಳ ಕೆಳಗೆ ಹೆಚ್ಚಾಗಿ ಕೇಂದ್ರದ ವಿದೇಶಾಂಗ ಖಾತೆಯ ರಾಜ್ಯ ಸಚಿವರ ಹೆಸರಿರುತ್ತದೆ, ಅದರಿಂದ ಉತ್ತರದ ತೂಕ ಕಡಿಮೆಯಾಗುವುದಿಲ್ಲ.

ಉತ್ತರ ಬಂದ ಮೇಲೆ

ಸಂಸದ್ ಪೋರ್ಟಲ್‌ನಲ್ಲೂ ವಿದೇಶಾಂಗ ಸಚಿವಾಲಯದ ಜಾಲತಾಣದ ಸಂಸತ್ ಪ್ರಶ್ನೋತ್ತರ ವಿಭಾಗದಲ್ಲೂ ಉತ್ತರ ಸಿಗುತ್ತದೆ. ಮೊದಲು ನೋಡಬೇಕಾದದ್ದು ಎಡಬದಿಯ ಅಕ್ಷರಗಳನ್ನು. "(ಎ) ರಿಂದ (ಡಿ)" ಎಂದು ಎಲ್ಲವನ್ನೂ ಸೇರಿಸಿ ಒಂದೇ ಉತ್ತರ ಬರೆದಿದ್ದರೆ ನಿಮ್ಮ ಪ್ರಶ್ನೆ ಪಕ್ಕದಲ್ಲಿಟ್ಟುಕೊಂಡು ಪೆನ್ಸಿಲಿನಿಂದ ಒಂದೊಂದೇ ಭಾಗವನ್ನು ಗುರುತುಹಾಕಿ. ಸಾಮಾನ್ಯವಾಗಿ ಒಂದು ಭಾಗ ಆ ಜೋಡಣೆಯೊಳಗೆ ಕರಗಿಹೋಗಿರುತ್ತದೆ. ಆ ಭಾಗವೊಂದನ್ನೇ ಮುಂದಿನ ಅಧಿವೇಶನದಲ್ಲಿ ಒಂಟಿಯಾಗಿ ಕೇಳಿಸಿ.

"ಲಭ್ಯವಿರುವ ಮಾಹಿತಿಯಂತೆ" ಎಂಬ ಮಾತು ಅಲಂಕಾರಕ್ಕೆ ಬಂದದ್ದಲ್ಲ. ಹಲವು ದೇಶಗಳ ಖಾಸಗಿತನದ ಕಾನೂನಿನಂತೆ, ಕೈದಿ ಒಪ್ಪದಿದ್ದರೆ ಅಲ್ಲಿನ ಅಧಿಕಾರಿಗಳು ಆತನ ವಿವರವನ್ನು ನಮ್ಮ ರಾಯಭಾರ ಕಚೇರಿಗೆ ಕೊಡುವುದಿಲ್ಲ. ಉತ್ತರದಲ್ಲಿರುವ ಸಂಖ್ಯೆ ನಿಜವಾದದ್ದಕ್ಕಿಂತ ಕಡಿಮೆ ಇರಬಹುದು. ಕೈದಿಗಳ ಸಂಖ್ಯೆಯಲ್ಲಿ ವಿಚಾರಣಾಧೀನರು ಸೇರಿದ್ದಾರೋ ಇಲ್ಲವೋ ಎಂಬುದನ್ನೂ ನೋಡಿ. ವಲಸೆಯ ಲೆಕ್ಕದಲ್ಲಿ ಇನ್ನೊಂದು ಕುಳಿ ಇದೆ. ಸರ್ಕಾರ ಕೊಡುವುದು ಇ.ಸಿ.ಆರ್. (ವಲಸೆ ತಪಾಸಣೆ ಬೇಕಾದ) ಪಾಸ್‌ಪೋರ್ಟಿನವರು ಗೊತ್ತುಪಡಿಸಿದ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಪಡೆದ ಅನುಮತಿಗಳ ಸಂಖ್ಯೆ. ಹತ್ತನೇ ತರಗತಿ ಪಾಸಾಗಿ ಇ.ಸಿ.ಎನ್.ಆರ್. (ಆ ತಪಾಸಣೆ ಬೇಡದ) ಪಾಸ್‌ಪೋರ್ಟ್ ಇರುವವರಾಗಲಿ, ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸಕ್ಕೆ ನಿಂತವರಾಗಲಿ ಅದರಲ್ಲಿ ಇಲ್ಲ. ಆ ಅಂಕಿಯನ್ನೇ "ಗಲ್ಫಿಗೆ ಹೋದ ಕನ್ನಡಿಗರು" ಎಂದು ಪತ್ರಿಕೆಗೆ ಕೊಟ್ಟರೆ ತಪ್ಪು ಸುದ್ದಿಯಾಗುತ್ತದೆ.

"ಮಾಹಿತಿ ಸಂಗ್ರಹಿಸಲಾಗುತ್ತಿದ್ದು ಸದನದ ಮುಂದಿಡಲಾಗುವುದು" ಎಂದು ಬಂದರೆ ನಿರಾಶರಾಗಬೇಡಿ. ಸಂಸತ್ತಿನ ಲೆಕ್ಕದಲ್ಲಿ ಅದು ಭರವಸೆ. ಮೂರು ತಿಂಗಳೊಳಗೆ ಅದನ್ನು ಈಡೇರಿಸಬೇಕು, ಎರಡೂ ಸದನಗಳಲ್ಲಿ ಅದನ್ನು ಬೆನ್ನುಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. "ಪರಿಶೀಲನೆಯಲ್ಲಿದೆ" ಎಂಬುದೂ ಹೆಚ್ಚಿನ ಸಂದರ್ಭಗಳಲ್ಲಿ ಇದೇ ಗುಂಪಿಗೆ ಸೇರುತ್ತದೆ. ಸಚಿವಾಲಯ ಗಡುವು ವಿಸ್ತರಿಸಲು ಕೇಳಬಹುದು, ಭರವಸೆಯನ್ನು ಕೈಬಿಡಲು ಸಮಿತಿಯನ್ನು ಕೋರಬಹುದು. ಕಾರಣಗಳು ಸಮಿತಿಯ ವರದಿಯಲ್ಲಿ ಅಚ್ಚಾಗುತ್ತವೆ.

ಉತ್ತರ ಬಂದ ದಿನವೇ ಕ್ಯಾಲೆಂಡರಿನಲ್ಲಿ ಮೂರು ತಿಂಗಳ ಮುಂದಿನ ತಾರೀಖಿಗೆ ಗುರುತು ಹಾಕಿ. ಅಂದು ಏನೂ ಬಂದಿರದಿದ್ದರೆ ಸದನದ ಹೆಸರು, ಪ್ರಶ್ನೆ ಸಂಖ್ಯೆ, ಉತ್ತರದ ತಾರೀಖು, ಬಾಕಿ ಇರುವ ಭಾಗ (ಬಿ) ಎಂದು ನಾಲ್ಕು ಸಾಲು ಬರೆದು, ಸಮಿತಿಗೆ ಪತ್ರ ಕಳಿಸುವಂತೆ ಸಂಸದರ ಪಿ.ಎ.ಗೆ ಕೊಡಿ.